ಕನ್ನಡಿ ತಿಳಿಯಾಗುವವರೆಗೆ ಸ್ವಿಚ್ ಒತ್ತದ ಮಾರ್ಟಿನಾ

ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ. ದುಬೈನ ಅಲ್ ಕೂಝ್ ಕೈಗಾರಿಕಾ ಪ್ರದೇಶದ ಗೋದಾಮೊಂದರಿಂದ ಮಾರ್ಟಿನಾ ಮೊಂತೇರೊ ಗಿಟಾರ್ ಆಂಪ್ಲಿಫೈಯರ್ ಒಂದನ್ನು ತಳ್ಳುಗಾಡಿಯಲ್ಲಿ ಹೊರಗೆ ತರುತ್ತಾರೆ.

ಬಾಗಿಲು ದಾಟಿದೊಡನೆ ಅವರ ಕನ್ನಡಕ ಮಂಜಾಗುತ್ತದೆ. ಗೋದಾಮಿನ ಒಳಗೆ ವರ್ಷವಿಡೀ ಏಸಿ ಓಡುತ್ತದೆ. ಹೊರಗೆ ನವೆಂಬರ್ ಮೊದಲ ವಾರದ, ಸಮುದ್ರದ ತೇವ ತುಂಬಿದ ಗಾಳಿ. ಅವರು ಕನ್ನಡಕ ಒರೆಸಿಕೊಳ್ಳುವುದಿಲ್ಲ. ಅದು ತಾನಾಗಿ ತಿಳಿಯಾಗುವವರೆಗೆ ನಿಂತಿದ್ದು, ಆಮೇಲೆ ಗಾಡಿಯನ್ನು ಪಕ್ಕದ ತಗಡಿನ ಶೆಡ್ಡಿನೊಳಕ್ಕೆ ತಳ್ಳುತ್ತಾರೆ. ಶೆಡ್ಡಿಗೆ ಏಸಿ ಇಲ್ಲ, ಫ್ಯಾನೂ ಇಲ್ಲ. ಮೊದಲು ಇಲ್ಲಿ ಹಾಳಾದ ಕೇಬಲ್‌ಗಳನ್ನು ಎಸೆಯುತ್ತಿದ್ದರು. ಮಾರ್ಟಿನಾ ಅವನ್ನು ಒಂದು ಮೂಲೆಗೆ ಸರಿಸಿ ಜಾಗ ಮಾಡಿಕೊಂಡಿದ್ದಾರೆ.

ಆಂಪಿನ ಹಿಂಬದಿ ಅರ್ಧ ತೆರೆದಿದೆ. ಒಳಗೆ ಸಾಲಾಗಿ ಗಾಜಿನ ಟ್ಯೂಬುಗಳು, ಪಕ್ಕದಲ್ಲಿ ಇಟ್ಟಿಗೆಯಷ್ಟು ದಪ್ಪದ ಟ್ರಾನ್ಸ್‌ಫಾರ್ಮರ್. ಪೌಡರ್ ಡಬ್ಬಿಯ ಮುಚ್ಚಳದಿಂದ ಕಳಚಿದ ಪುಟ್ಟ ಕನ್ನಡಿಯೊಂದನ್ನು ಮಾರ್ಟಿನಾ ಟ್ರಾನ್ಸ್‌ಫಾರ್ಮರಿಗೆ ಒತ್ತಿ ಹಿಡಿದು ರಬ್ಬರ್ ಬ್ಯಾಂಡ್ ಸುತ್ತುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಕನ್ನಡಿಯ ಮೇಲೆ ಬಿಳಿಯ ಮಬ್ಬು ಕೂರುತ್ತದೆ.

“ಕನ್ನಡಿ ಮೇಲೆ ಮಾತ್ರ ಅಂತ ಎಣಿಸ್ಬೇಡಿ. ಒಳಗೆ ಎಲ್ಲ ಕಡೆ ಹೀಗೇ ನೀರು ಕೂತಿರ್ತದೆ. ನಮ್ಗೆ ಕಾಣುದಿಲ್ಲ ಅಷ್ಟೆ. ಈಗ ಸ್ವಿಚ್ ಹಾಕಿದ್ರೆ ಒಂದು ‘ಚಟ್’ ಅಂತ ಕೇಳ್ತದೆ, ಮತ್ತೆ ಎಂತದೂ ಕೇಳುದಿಲ್ಲ,” ಎನ್ನುತ್ತಾರೆ.

ಕಬ್ಬಿಣದ ಭಾಗ ಎಲ್ಲಕ್ಕಿಂತ ಕೊನೆಗೆ ಬೆಚ್ಚಗಾಗುತ್ತದೆ. ಅದಕ್ಕೆ ಅಂಟಿದ ಕನ್ನಡಿ ತಿಳಿಯಾದರೆ ಉಳಿದದ್ದೆಲ್ಲ ಒಣಗಿದೆ ಎಂದು ಲೆಕ್ಕ. ಸಾಮಾನ್ಯವಾಗಿ ಎರಡು ಮೂರು ತಾಸು ಬೇಕು. ಇಂದಿನ ಕಾರ್ಯಕ್ರಮ ಅಬುಧಾಬಿಯಲ್ಲಿ, ಸಂಜೆ, ಬಯಲಿನಲ್ಲಿ. ಆಂಪ್ ಈಗಿನಿಂದಲೇ ಹೊರಗಿನ ಹವೆಗೆ ಹೊಂದಿಕೊಳ್ಳಬೇಕು. ಅದಕ್ಕಾಗಿಯೇ ಬೇಗನೆ ಬಂದಿದ್ದಾರೆ. ಬೆಳಗಿನ ಈ ಕೆಲಸಕ್ಕೆ ಕಂಪನಿಯ ಕೆಲಸದ ಪಟ್ಟಿಯಲ್ಲಿ ಹೆಸರಿಲ್ಲ.

ಮಾರ್ಟಿನಾ ಕೆಲಸ ಮಾಡುವುದು ವೇದಿಕೆಗಳಿಗೆ ವಾದ್ಯ ಮತ್ತು ಧ್ವನಿ ಸಲಕರಣೆ ಬಾಡಿಗೆಗೆ ಕೊಡುವ ಕಂಪನಿಯಲ್ಲಿ. ಹೋಟೆಲ್ ಲಾಂಜ್, ಮದುವೆ, ಸಂಘಗಳ ವಾರ್ಷಿಕೋತ್ಸವ, ದೊಡ್ಡ ಕಂಪನಿಗಳ ಸಮಾರಂಭ ಹೀಗೆ ಎಲ್ಲೆಡೆಗೆ ಇಲ್ಲಿಂದ ಪೆಟ್ಟಿಗೆಗಳು ಹೋಗುತ್ತವೆ. ಅವರ ಹುದ್ದೆ ಟೆಕ್ನಿಷಿಯನ್. ವಿಶೇಷವಾಗಿ ಅವರ ಸುಪರ್ದಿಯಲ್ಲಿರುವುದು ಗೋದಾಮಿನ ಕೊನೆಯ ಸಾಲಿನ ಒಂದು ಕಪಾಟು. ಅದರಲ್ಲಿರುವವೆಲ್ಲ ಟ್ಯೂಬ್ ಆಂಪ್‌ಗಳು.

ಟ್ಯೂಬ್ ಎಂದರೆ ಹಿಂದೆ ರೇಡಿಯೊಗಳಲ್ಲಿ ಇರುತ್ತಿದ್ದ ಗಾಜಿನ ವಾಲ್ವ್. ರೇಡಿಯೊದಿಂದ ಅದು ಮರೆಯಾಗಿ ಬಹಳ ಕಾಲವಾಯಿತು. ಗಿಟಾರ್ ನುಡಿಸುವವರು ಮಾತ್ರ ಬಿಟ್ಟಿಲ್ಲ. ವಾಲ್ವಿಗೆ ಹೊರಲಾಗುವಷ್ಟೇ ದನಿ ಕೊಟ್ಟರೆ ತಂತಿಯ ನಾದ ಇದ್ದಂತೆಯೇ ಶುಭ್ರವಾಗಿ ಬರುತ್ತದೆ. ಇದು ‘ಕ್ಲೀನ್’. ಅದಕ್ಕಿಂತ ಹೆಚ್ಚು ಹೇರಿದರೆ ದನಿಯ ಅಂಚು ಬಿರಿಯುತ್ತದೆ, ಒರಟಾಗುತ್ತದೆ, ತುಂಬಿಕೊಳ್ಳುತ್ತದೆ. ಇದು ‘ಓವರ್‌ಡ್ರೈವ್’. ಒಂದು ಮುಗಿದು ಇನ್ನೊಂದು ಶುರುವಾಗುವ ಗೆರೆ ಪ್ರತಿ ಆಂಪಿನಲ್ಲೂ ಬೇರೆ ಬೇರೆ ಕಡೆ ಇರುತ್ತದೆ. ಕೆಲವುಗಳಲ್ಲಿ ಬೇಗ, ಕೆಲವುಗಳಲ್ಲಿ ಕಿವಿ ಕಿತ್ತುಹೋಗುವಷ್ಟು ಜೋರು ಮಾಡಿದ ಮೇಲೆ. ಯಾರಿಗೆ ಯಾವ ಆಂಪ್ ಎಂಬ ಪ್ರಶ್ನೆಯೆಲ್ಲ ಆ ಗೆರೆಯದ್ದು.

ಈ ಕಪಾಟು ಉಳಿಯುತ್ತದೆಯೇ ಎಂಬುದು ಇಂದು ಸಂಜೆ ತೀರ್ಮಾನವಾಗಲಿದೆ. ಕಳೆದ ನವೆಂಬರಿನಲ್ಲಿ ಮಾರ್ಟಿನಾ ರಜೆಯಲ್ಲಿ ಊರಿಗೆ ಹೋಗಿದ್ದಾಗ, ಕಡಲತೀರದ ಕಾರ್ಯಕ್ರಮವೊಂದಕ್ಕೆ ಕಳಿಸಿದ ಟ್ಯೂಬ್ ಆಂಪನ್ನು ತಂಪು ಗೋದಾಮಿನಿಂದ ನೇರ ವೇದಿಕೆಗೆ ಒಯ್ದು ಹಚ್ಚಿದ್ದರು. ಹಾಡಿನ ನಡುವೆ ಅದು ನಿಂತುಹೋಯಿತು. ಗ್ರಾಹಕರು ಮತ್ತೆ ಬರಲಿಲ್ಲ. ಕೇರಳ ಮೂಲದ ಮ್ಯಾನೇಜರ್ ಅಲೆಕ್ಸಾಂಡರ್ ಅವತ್ತೇ ನಿರ್ಧರಿಸಿದರು: ಟ್ಯೂಬ್ ಆಂಪ್‌ಗಳನ್ನೆಲ್ಲ ಮಾರಿ, ಅವುಗಳ ದನಿಯನ್ನು ಅನುಕರಿಸುವ ಡಿಜಿಟಲ್ ಪೆಟ್ಟಿಗೆಗಳನ್ನು ಇಡುವುದು. ಮಾರ್ಟಿನಾ ಒಂದು ಅವಕಾಶ ಕೇಳಿದರು. ತಾನೇ ನಿಂತು ನೋಡಿಕೊಳ್ಳುವ ಒಂದು ಬಯಲು ಕಾರ್ಯಕ್ರಮ. ಅದರಲ್ಲಿ ಆಂಪ್ ಕೆಟ್ಟರೆ ಕಪಾಟು ಖಾಲಿ. ಅಲೆಕ್ಸಾಂಡರ್ ಒಪ್ಪಿದರು. ಕಪಾಟು ಹೋದರೆ ಮಾರ್ಟಿನಾ ಅವರ ಕೆಲಸ ಹೋಗುವುದಿಲ್ಲ. ಕೇಬಲ್ ಎಣಿಸಿ ಕೊಡುವ ಕೌಂಟರಿಗೆ ವರ್ಗವಾಗುತ್ತದೆ.

“ಕೇಬಲ್ ಕೌಂಟರ್ ಕೆಟ್ಟದ್ದಲ್ಲ. ಕೂತ್ಕೊಂಡು ಮಾಡುವ ಕೆಲಸ. ಆದ್ರೆ ಕೇಬಲಿಗೆ ಕಿವಿ ಕೊಡ್ಲಿಕ್ಕೆ ಎಂತ ಉಂಟು ಹೇಳಿ?”

ಕಿವಿ ಕೊಡುವುದನ್ನು ಮಾರ್ಟಿನಾ ಕಲಿತದ್ದು ದಕ್ಷಿಣ ಕನ್ನಡದ ಕಿನ್ನಿಗೋಳಿಯಲ್ಲಿ. ತಂದೆ ಲಿಯೊನೆಲ್ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಮದುವೆ ಮುನ್ನಾದಿನದ ರೋಸ್ ಶಾಸ್ತ್ರ, ಯಕ್ಷಗಾನ, ಶಾಲೆಯ ವಾರ್ಷಿಕೋತ್ಸವ, ಚುನಾವಣೆ ಭಾಷಣ ಎಲ್ಲದಕ್ಕೂ ಅವರದೇ ಹಾರ್ನ್. ಊರಿನಲ್ಲಿ ಅವರ ಹೆಸರು ‘ಮೈಕ್ ಲಿಯೊನೆಲ್’. ಎಲ್ಲರೂ ಟ್ರಾನ್ಸಿಸ್ಟರಿಗೆ ಬದಲಾದ ಮೇಲೂ ಅವರು ಒಂದು ಹಳೆಯ ವಾಲ್ವ್ ಆಂಪ್ಲಿಫೈಯರನ್ನು ಕೈಬಿಡಲಿಲ್ಲ. ಮಳೆಗಾಲದಲ್ಲಿ ಅದನ್ನು ಕಪಾಟಿನಲ್ಲಿಟ್ಟು, ಪಕ್ಕದಲ್ಲಿ ಒಂದು ಬಲ್ಬನ್ನು ಹಗಲು ರಾತ್ರಿ ಉರಿಸುತ್ತಿದ್ದರು.

“ಅಮ್ಮ ಬೈತಿದ್ರು. ಮಕ್ಕಳ ಬಟ್ಟೆ ಒಣಗ್ಲಿಕ್ಕೆ ಜಾಗ ಇಲ್ಲ, ನಿಮ್ಮ ಮಿಷಿನಿಗೆ ಮಾತ್ರ ಸ್ಪೆಷಲ್ ರೂಮಾ ಅಂತ. ಅಪ್ಪ ಎಂತ ಮಾಡಿದ್ರು ಗೊತ್ತುಂಟಾ? ನಮ್ಮ ಯೂನಿಫಾರ್ಮನ್ನೂ ಅದೇ ಕಪಾಟಿನೊಳಗೆ ನೇತು ಹಾಕಿದ್ರು. ಶಾಲೆಗೆ ಹೋದ್ರೆ ನಮ್ಮ ಮೈಯೆಲ್ಲ ಸೋಲ್ಡರಿಂಗ್ ವಾಸನೆ.”

ಮಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ, ದುಬೈಗೆ ಬಂದರು. ಆರಂಭದಲ್ಲಿ ಟಿವಿ ಶೋರೂಮೊಂದರ ಸರ್ವಿಸ್ ವಿಭಾಗ, ನಂತರ ಈ ಕಂಪನಿ. ಗಂಡ ರೋಷನ್ ಅವರ ಕೆಲಸ ದೂರದ ಪಶ್ಚಿಮದ ಮದೀನತ್ ಜಾಯೆದ್ ಪಟ್ಟಣದಲ್ಲಿ. ಮನೆಗೆ ಬರುವುದು ವಾರಾಂತ್ಯಕ್ಕೆ. “ಅವಳ ಜೊತೆ ಸಿನಿಮಾಕ್ಕೆ ಹೋಗುದು ಬೇಡ,” ಎನ್ನುತ್ತಾರೆ ಅವರು. “ಹೀರೊ ಸಾಯ್ತಾ ಇದ್ದಾನೆ, ಇವಳು ‘ಎಡಗಡೆ ಸ್ಪೀಕರ್ ಗುಂಯ್ ಅಂತುಂಟು ರೋಷನ್’ ಅಂತಾಳೆ.”

ಆಂಪಿನ ಒಳಗೆ ಕೆಲಸ ಮಾಡುವಾಗ ಮಾರ್ಟಿನಾ ಅವರ ಎಡಗೈ ಯಾವಾಗಲೂ ಜೇಬಿನಲ್ಲಿರುತ್ತದೆ. ಪ್ಲಗ್ ತೆಗೆದ ಮೇಲೂ ಟ್ಯೂಬ್ ಆಂಪಿನೊಳಗೆ ನೂರಾರು ವೋಲ್ಟ್ ಉಳಿದಿರಬಹುದು. ಎರಡೂ ಕೈ ಒಳಗಿದ್ದರೆ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕ ಹಾಯುತ್ತದೆ. ಒಂದೇ ಕೈ ಎಂಬುದು ಅಪ್ಪ ಹಾಕಿಕೊಟ್ಟ ನಿಯಮ. ಹೆಂಗಸರ ಕುರ್ತಾಗಳಿಗೆ ಜೇಬು ಇರುವುದಿಲ್ಲವಾದ್ದರಿಂದ, ಬರ್ ದುಬೈನ ದರ್ಜಿಯೊಬ್ಬರು ಅವರ ಎಲ್ಲ ಕುರ್ತಾಗಳಿಗೂ ಎಡಬದಿಯಲ್ಲಿ ಮಾತ್ರ ಆಳವಾದ ಜೇಬು ಹೊಲಿದುಕೊಡುತ್ತಾರೆ. ಮೊಬೈಲ್ ಇಡಲು ಇರಬೇಕು ಎಂದು ದರ್ಜಿ ತಿಳಿದಿದ್ದಾರೆ.

ಇಂದು ಹೊರಟಿರುವ ಆಂಪ್ ಆಯ್ಕೆಯಾದದ್ದು ಎರಡು ವಾರಗಳ ಹಿಂದೆ. ಆರಿಸಿದವರು ಗುರುದತ್ತ. ಮೈಸೂರಿನವರು, ಅಬುಧಾಬಿಯ ಖಾಲಿದಿಯಾದಲ್ಲಿ ವಾಸ, ಕಚೇರಿಯೊಂದರಲ್ಲಿ ನೆಟ್‌ವರ್ಕ್ ಎಂಜಿನಿಯರ್. ಗೆಳೆಯರೊಂದಿಗೆ ಸೇರಿ ಕನ್ನಡ ಹಾಡುಗಳ ಬ್ಯಾಂಡ್ ಕಟ್ಟಿದ್ದಾರೆ. ಕನ್ನಡ ಸಂಘದ ರಾಜ್ಯೋತ್ಸವ ಅವರ ಮೊದಲ ದೊಡ್ಡ ವೇದಿಕೆ. ಬಾಡಿಗೆಗೆ ಪಡೆದು, ಹಿಡಿಸಿದರೆ ಅದನ್ನೇ ಕೊಳ್ಳುವ ಆಲೋಚನೆ ಅವರದು. ಕಪಾಟು ಮಾರಾಟಕ್ಕೆ ಬರಲಿದೆ ಎಂಬ ಸುದ್ದಿ ಅವರ ಕಿವಿಗೂ ಬಿದ್ದಿತ್ತು.

“ನಂಗೆ ಎರಡೂ ಬೇಕು ಮೇಡಂ,” ಎಂದು ಅವತ್ತು ಗೋದಾಮಿಗೆ ಬಂದ ಅವರು ಶುರು ಮಾಡುತ್ತಾರೆ. “ಮೊದಲ್ನೇ ಹಾಡು ಭಾವಗೀತೆ. ತಂತಿ ಮುಟ್ಟಿದ್ರೆ ಗಾಜಿನ ಲೋಟ ಮುಟ್ದಂಗಿರ್ಬೇಕು. ಕೊನೇ ಹಾಡಿಗೆ ಬೆಂಕಿ ಹತ್ತಬೇಕು.”

“ಬೆಂಕಿ ಎಲ್ಲರಿಗೂ ಬೇಕು. ನಿಮ್ಮ ಡ್ರಮ್ಮರ್ ಹೇಗೆ ಬಾರಿಸ್ತಾರೆ, ಅದು ಹೇಳಿ.”

“ಅದ್ಯಾಕೆ?”

“ಅವರು ಜೋರು ಬಾರಿಸಿದ್ರೆ ಸಣ್ಣ ಆಂಪಿನ ಕ್ಲೀನ್ ನಿಮಗೇ ಕೇಳುದಿಲ್ಲ. ಅದಕ್ಕಂತ ಜೋರು ಮಾಡಿದ್ರೆ ಕ್ಲೀನ್ ಕ್ಲೀನಾಗಿ ಇರುದಿಲ್ಲ. ನಿಮ್ಮ ಆಂಪ್ ಯಾವುದು ಅಂತ ಹೇಳುದು ಅವರು, ನೀವಲ್ಲ.”

“ನಮ್ ಡ್ರಮ್ಮರ್ ಅಕೌಂಟೆಂಟ್ ಮೇಡಂ. ವಾರವೆಲ್ಲ ಬಾಯೇ ಬಿಡಲ್ಲ. ಶನಿವಾರ ಅದನ್ನೆಲ್ಲ ಸೇರಿಸಿ ಬಾರಿಸ್ತಾನೆ.”

“ಹಾಗಾದ್ರೆ ತೀರಾ ಸಣ್ಣದು ಆಗುದಿಲ್ಲ. ಆದ್ರೂ ಕೇಳಿ. ಕೇಳ್ಲಿಕ್ಕೆ ಎಂತ?”

ಮಾರ್ಟಿನಾ ಕಪಾಟಿನಿಂದ ಮೂರು ಆಂಪ್‌ಗಳನ್ನು ಇಳಿಸಿ, ಮೂರರ ಮೇಲೂ ಒಂದೊಂದು ಬೈರಾಸು ಹೊದೆಸುತ್ತಾರೆ. ಬೈರಾಸು ಎಂದರೆ ಮಂಗಳೂರಿನ ಕಡೆಯ ತೆಳು ಚೌಕಳಿಯ ಟವೆಲ್. ಆಂಪಿನ ಹೆಸರು, ಗುಂಡಿಗಳು, ವಾಟ್ ಸಂಖ್ಯೆ ಎಲ್ಲ ಅದರಡಿ ಮುಚ್ಚಿಹೋಗುತ್ತವೆ. ದಪ್ಪ ಬಟ್ಟೆಯಾದರೆ ದನಿ ನುಂಗುತ್ತದೆ. ಬೈರಾಸು ಗಾಳಿಯಾಡುವಷ್ಟು ತೆಳು. ಊರಿಗೆ ಹೋದಾಗಲೆಲ್ಲ ಹೊಸದು ತರುತ್ತಾರೆ. ಹೆಸರು ಕಂಡರೆ ಜನ ಕಿವಿಯಿಂದ ಕೇಳುವುದನ್ನು ನಿಲ್ಲಿಸುತ್ತಾರೆ ಎಂಬುದು ಅವರ ಅನುಭವ.

ಮೂರರಲ್ಲಿ ಒಂದು ಐದು ವಾಟ್‌ನ ಪುಟ್ಟ ಪೆಟ್ಟಿಗೆ. ಬೇಗ ಬಿರಿಯುತ್ತದೆ, ಫ್ಲಾಟಿನಲ್ಲಿ, ಪಕ್ಕದ ಮನೆಯವರು ಗೋಡೆ ಗುದ್ದದಷ್ಟು ಸದ್ದಿನಲ್ಲಿ ನುಡಿಸುವವರಿಗೆ ಸರಿ. ಇನ್ನೊಂದು ಐವತ್ತು ವಾಟ್‌ನದು, ಹೆಸರಾಂತ ಕಂಪನಿಯದು. ಅದರ ಕ್ಲೀನ್ ದನಿಗೆ ಎದುರಿಲ್ಲ, ಆದರೆ ಟ್ಯೂಬುಗಳು ಮೈಮುರಿದು ದುಡಿದು ಬಿರಿಯುವ ಹೊತ್ತಿಗೆ ಮೊದಲ ಸಾಲಿನ ಕುರ್ಚಿಗಳು ಖಾಲಿಯಾಗಿರುತ್ತವೆ. ನಡುವಿನದು ಇಪ್ಪತ್ತೆರಡು ವಾಟ್, ಒಂದೇ ಸ್ಪೀಕರ್, ಕ್ಲೀನ್‌ಗೂ ಓವರ್‌ಡ್ರೈವ್‌ಗೂ ಒಂದೇ ಚಾನೆಲ್. ಯಾವುದರಡಿ ಯಾವುದಿದೆ ಎಂದು ಗುರುದತ್ತರಿಗೆ ಗೊತ್ತಿಲ್ಲ. ಅವರು ಐವತ್ತು ವಾಟ್‌ನದಕ್ಕಾಗಿಯೇ ಬಂದವರು.

ಮೂರರಲ್ಲೂ ಒಂದೇ ರಾಗದ ತುಣುಕು ನುಡಿಸಬೇಕು, ಮೊದಲು ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಅರ್ಧಕ್ಕೆ ಇಳಿಸಿ, ಆಮೇಲೆ ಪೂರ್ತಿ ಏರಿಸಿ. ಆಂಪಿನ ಗುಂಡಿಗಳನ್ನು ಮುಟ್ಟುವಂತಿಲ್ಲ. ಎರಡನೆಯ ಬೈರಾಸಿನ ಮುಂದೆ ಗುರುದತ್ತ ಬಹಳ ಹೊತ್ತು ಕೂರುತ್ತಾರೆ. ಗುಂಡಿ ಇಳಿಸಿದರೆ ದನಿ ತಿಳಿಯಾಗುತ್ತದೆ, ಏರಿಸಿದರೆ ಅದೇ ದನಿ ಕೆರಳುತ್ತದೆ. ಬೆರಳು ಮೆಲ್ಲಗೆ ಮಾಡಿದರೂ ಸಾಕು, ಬಿರಿತ ಹಿಂದೆ ಸರಿಯುತ್ತದೆ. “ಇದೇ. ಇದು ಆ ದೊಡ್ಡದೇ ತಾನೆ?” ಎನ್ನುತ್ತಾರೆ.

ಮಾರ್ಟಿನಾ ಬೈರಾಸು ಎತ್ತುತ್ತಾರೆ. ಮೂಲೆಯ ಬಟ್ಟೆ ಕಿತ್ತುಬಂದಿರುವ, ಯಾರೂ ಎರಡನೇ ಬಾರಿ ನೋಡದ ಇಪ್ಪತ್ತೆರಡು ವಾಟ್‌ನ ಪೆಟ್ಟಿಗೆ.

“ಅಯ್ಯೋ ಮೇಡಂ, ಇದನ್ನ ಸ್ಟೇಜ್ ಮೇಲಿಟ್ರೆ ಫೋಟೊ ಚೆನ್ನಾಗಿ ಬರಲ್ಲವಲ್ಲ!”

“ಬೈರಾಸು ಹೊದೆಸಿ ಇಡುವ. ಫೋಟೊ ಫಸ್ಟ್ ಕ್ಲಾಸ್ ಬರ್ತದೆ.”

ಗುರುದತ್ತ ದೊಡ್ಡದನ್ನೇ ಆರಿಸುತ್ತಾರೆ ಎಂದು ತಾನು ಅಂದುಕೊಂಡಿದ್ದಾಗಿ ಮಾರ್ಟಿನಾ ಆಮೇಲೆ ಹೇಳುತ್ತಾರೆ. ಡ್ರಮ್ಮರ್ ಬಗ್ಗೆ ಕೇಳಿದ ಮೇಲೆ ತನಗೂ ಅದೇ ಸರಿ ಅನ್ನಿಸಿತ್ತಂತೆ. “ಬಯಲಿನಲ್ಲಿ ಹೇಗೂ ಆಂಪಿನ ಮುಂದೆ ಮೈಕ್ ಇಡ್ತಾರೆ, ಜನರಿಗೆ ಕೇಳುದು ಆ ಮೈಕಿನಿಂದ. ಅದು ನಂಗೆ ಅವತ್ತು ತಲೆಗೆ ಹೋಗ್ಲಿಲ್ಲ. ಬೈರಾಸು ನಂಗೂ ಕಲಿಸ್ತದೆ.”

ಬೈರಾಸು ಇನ್ನೊಮ್ಮೆಯೂ ಅವರಿಗೆ ಕಲಿಸಿದೆ. ಕಳೆದ ಬೇಸಗೆಯಲ್ಲಿ ಅಲೆಕ್ಸಾಂಡರ್ ಅವರೇ ಒಂದು ಬೈರಾಸಿನಡಿ ಟ್ಯೂಬ್ ಆಂಪ್, ಇನ್ನೊಂದರಡಿ ಡಿಜಿಟಲ್ ಪೆಟ್ಟಿಗೆ ಇಟ್ಟು, ಯಾವುದು ಯಾವುದೆಂದು ಹೇಳಲು ಮಾರ್ಟಿನಾ ಅವರಿಗೆ ಸವಾಲು ಹಾಕಿದ್ದರು. “ಕ್ಲೀನ್‌ನಲ್ಲಿ ನಂಗೆ ಗೊತ್ತಾಗ್ಲಿಲ್ಲ. ಉಲ್ಟಾ ಹೇಳಿದೆ. ಸುಳ್ಳು ಹೇಳುದು ಯಾಕೆ? ಓವರ್‌ಡ್ರೈವ್‌ನಲ್ಲಿ ಹಿಡಿದೆ. ನುಡಿಸುವವರು ಕೈ ಮೆಲ್ಲ ಮಾಡಿದಾಗ ಒಂದು ಪೆಟ್ಟಿಗೆ ಕೂಡ ಮೆಲ್ಲ ಆಯ್ತು, ಇನ್ನೊಂದು ಅಷ್ಟು ಆಗ್ಲಿಲ್ಲ. ಅಷ್ಟೇ ವ್ಯತ್ಯಾಸ.”

ಅಷ್ಟೇ ವ್ಯತ್ಯಾಸಕ್ಕೆ ಇಷ್ಟು ರಗಳೆ ಯಾಕೆ ಎಂಬುದು ಅಲೆಕ್ಸಾಂಡರ್ ಅವರ ಪ್ರಶ್ನೆ. ಅವರ ಮಾತಿನಲ್ಲೂ ಹುರುಳಿದೆ. ಡಿಜಿಟಲ್ ಪೆಟ್ಟಿಗೆ ಹಗುರ, ಒಬ್ಬರೇ ಕಂಕುಳಲ್ಲಿ ಹಿಡಿದು ಒಯ್ಯಬಹುದು. ಗಾಜಿಲ್ಲ, ಒಡೆಯುವುದಿಲ್ಲ. ಬೆಳಗಿನ ಜಾವ ಶೆಡ್ಡಿನಲ್ಲಿ ಕೂರಿಸಬೇಕಿಲ್ಲ. “ಸ್ವಿಚ್ ಆನ್, ಖಲಾಸ್,” ಎಂದು ಅವರು ಕೈ ಕೊಡವುತ್ತಾರೆ. ಇಂದಿನ ಕಾರ್ಯಕ್ರಮಕ್ಕೂ ಬದಲಿ ವ್ಯವಸ್ಥೆಯಾಗಿ ಒಂದು ಡಿಜಿಟಲ್ ಪೆಟ್ಟಿಗೆಯನ್ನು ವ್ಯಾನಿನಲ್ಲಿ ಇಡಿಸಿದ್ದಾರೆ. ತಾವೂ ಬರುತ್ತಿದ್ದಾರೆ.

ಎಂಟು ಗಂಟೆಯ ಹೊತ್ತಿಗೆ ಶೆಡ್ಡಿನಲ್ಲಿ ಕನ್ನಡಿ ತಿಳಿಯಾಗಿದೆ. ಮಾರ್ಟಿನಾ ಆಂಪನ್ನು ಹಚ್ಚಿ, ಪೆನ್ಸಿಲಿನ ಹಿಂಬದಿಯಿಂದ ಒಂದೊಂದೇ ಟ್ಯೂಬನ್ನು ಮೆಲ್ಲಗೆ ತಟ್ಟುತ್ತಾರೆ. ಒಳಗೆ ಸಡಿಲವಾಗಿದ್ದರೆ ಸ್ಪೀಕರಿನಲ್ಲಿ ಗಂಟೆ ಹೊಡೆದಂತೆ ಕೇಳುತ್ತದೆ. ಒಂದೂ ಮೊಳಗುವುದಿಲ್ಲ. ವ್ಯಾನಿನ ಹಿಂಭಾಗಕ್ಕೆ ಏಸಿ ಇಲ್ಲ ಎಂಬುದನ್ನು ಇನ್ನೊಮ್ಮೆ ಖಚಿತ ಮಾಡಿಕೊಂಡು ಆಂಪನ್ನು ಏರಿಸುತ್ತಾರೆ.

ಅಬುಧಾಬಿಯ ಶಾಲಾ ಮೈದಾನವೊಂದರಲ್ಲಿ ವೇದಿಕೆ. ನಡುಹಗಲಿಗೆ ತಲುಪಿ, ವೇದಿಕೆಯ ಹಿಂದಿನ ನೆರಳಿನಲ್ಲಿ ಆಂಪ್ ಇಡುತ್ತಾರೆ. ಕನ್ನಡಿ ತಿಳಿಯಾಗಿಯೇ ಇದೆ. ಊಟದ ನಂತರ ಮಾರ್ಟಿನಾ ಮೈದಾನದ ಇನ್ನೊಂದು ತುದಿಯಲ್ಲಿರುವ ಜನರೇಟರ್ ಕಡೆ ಹೋಗುತ್ತಾರೆ. ಅರ್ಥಿಂಗ್ ಸರಿಯಿಲ್ಲ, ಅದನ್ನು ಸರಿಪಡಿಸಿಕೊಂಡು ಬರುವಷ್ಟರಲ್ಲಿ ನಾಲ್ಕೂವರೆ. ಆಂಪ್ ಇಟ್ಟ ಜಾಗ ಖಾಲಿ.

ವೇದಿಕೆಯ ಉಸ್ತುವಾರಿ ಸಂಘದ ಹಿರಿಯ ಸದಸ್ಯ, ಬೆಂಗಳೂರಿನ ದ್ವಾರಕನಾಥ ಅವರದು.

“ಸಾರ್, ಇಲ್ಲಿದ್ದ ಪೆಟ್ಟಿಗೆ ಎಲ್ಲಿ?”

“ಅದಾ? ಪಾಪ, ಸೆಕೇಲಿ ಬೇಯ್ತಾ ಇತ್ತಲ್ಲಮ್ಮ. ನಾನೇ ಅತಿಥಿಗಳ ಟೆಂಟ್ ಒಳಗಿಡಿಸ್ದೆ. ಏಸಿ ಮುಂದೇನೇ ಇಡಿಸಿದೀನಿ.”

“ಯಾವಾಗ ಇಟ್ಟದ್ದು?”

“ಊಟ ಆದ್ ತಕ್ಷಣ. ಎರಡು ಗಂಟೆ ಮೇಲಾಯ್ತು. ಮುಟ್ಟಿ ನೋಡಿ ಬೇಕಾದ್ರೆ, ಚೆನ್ನಾಗಿ ತಣ್ಣಗಾಗಿದೆ!”

ಟೆಂಟಿನೊಳಗೆ ಮುಖ್ಯ ಅತಿಥಿಗಳ ಹಾರ, ಮೈಸೂರು ಪಾಕಿನ ಡಬ್ಬಗಳು ಮತ್ತು ಆಂಪ್ ಒಂದೇ ಸಾಲಿನಲ್ಲಿ ತಂಪಾಗುತ್ತಿವೆ. ಹಾರಕ್ಕೆ ಬಿದ್ದಷ್ಟೇ ಗಾಳಿ ಆಂಪಿಗೂ ಬಿದ್ದಿದೆ. ಮಾರ್ಟಿನಾ ಅದನ್ನು ಹೊರಗೆ ತರುತ್ತಾರೆ. ಸೂರ್ಯ ಇಳಿಯುತ್ತಿದ್ದಾನೆ, ಗಾಳಿಯ ತೇವ ಏರುತ್ತಿದೆ. ಕನ್ನಡಿ ಕ್ಷಣದಲ್ಲಿ ಬೆಳ್ಳಗಾಗುತ್ತದೆ. ಬ್ಯಾಂಡಿನ ಸರದಿ ಐದೂವರೆಗೆ, ಕಾರ್ಯಕ್ರಮದ ಆರಂಭಕ್ಕೇ.

“ಒರೆಸಿ ಹಾಕಿದ್ರೆ ಆಗಲ್ವಾ ಮೇಡಂ?” ಗುರುದತ್ತ ಕೇಳುತ್ತಾರೆ.

“ಹೊರಗಿಂದು ಒರೆಸ್ಬಹುದು. ಟ್ಯೂಬಿನ ಸಾಕೆಟ್ ಒಳಗೆ ಕೂತದ್ದನ್ನು ಹೇಗೆ ಒರೆಸುದು?”

ಅಲೆಕ್ಸಾಂಡರ್ ಡಿಜಿಟಲ್ ಪೆಟ್ಟಿಗೆಯನ್ನು ತಾವೇ ಹೊತ್ತು ತಂದು ವೇದಿಕೆಯ ಮೆಟ್ಟಿಲ ಮೇಲೆ ಇಡುತ್ತಾರೆ. ಮಾರ್ಟಿನಾ ಅದನ್ನೂ ನೋಡುತ್ತಾರೆ, ಕನ್ನಡಿಯನ್ನೂ ನೋಡುತ್ತಾರೆ. ಆಮೇಲೆ ದ್ವಾರಕನಾಥರ ಬಳಿ ಎರಡು ವಿಷಯ ಕೇಳುತ್ತಾರೆ. ಬ್ಯಾಂಡನ್ನು ಸ್ವಲ್ಪ ಹಿಂದಕ್ಕೆ ಹಾಕಲಾದೀತೇ? ಉರಿದರೆ ಬಿಸಿಯಾಗುವ ಹಳೆಯ ಬಲ್ಬು ಎಲ್ಲಾದರೂ ಸಿಕ್ಕೀತೇ?

ವೇದಿಕೆಯ ದೀಪಗಳೆಲ್ಲ ಎಲ್ಇಡಿ. ಮುಟ್ಟಿದರೂ ಬೆಚ್ಚಗಿಲ್ಲ. ಆದರೆ ಮುಖ್ಯ ಅತಿಥಿಗಳ ಭಾಷಣವನ್ನು ಮುಂದಕ್ಕೆ ತರಲು ದ್ವಾರಕನಾಥ ಒಪ್ಪುತ್ತಾರೆ. ತಾನು ಮಾಡಿದ್ದೇನೆಂದು ಅವರಿಗೆ ಈಗ ಅರ್ಥವಾಗಿದೆ, ಮೈಕಿನತ್ತ ಓಡುತ್ತಾರೆ.

“ಹೆದರ್ಬೇಡಿ ಮೇಡಂ,” ಎನ್ನುತ್ತಾರೆ ಗುರುದತ್ತ. “ಆಯಪ್ಪ ಭಾಷಣ ಶುರು ಮಾಡಿದ್ರೆ ನಿಮ್ ಕನ್ನಡಿ ಏನು, ಮೈದಾನವೇ ಒಣಗತ್ತೆ.”

ಬಿಸಿ ಸಿಗುವುದು ಮಕ್ಕಳ ನೃತ್ಯದ ಮೇಕಪ್ ಕೋಣೆಯಲ್ಲಿ. ನೃತ್ಯ ಕಲಿಸುವ ಅಪೇಕ್ಷಾ ಅವರ ಕೈಯಲ್ಲಿ ಹೇರ್ ಡ್ರೈಯರ್ ಇದೆ. ಮಾರ್ಟಿನಾ ಕೇಳಿದ್ದಕ್ಕೆ ಅವರು ಕೊಡುತ್ತಾರೆ, ಕೊಟ್ಟು ಹಿಂದೆಯೇ ಬರುತ್ತಾರೆ. ಆಂಪಿನ ಬೆನ್ನಿಗೆ ಬಿಸಿಗಾಳಿ ಹಾಯಿಸುವುದನ್ನು ನೋಡಿ ನಗು ತಡೆಯಲಾಗುವುದಿಲ್ಲ. “ಅಕ್ಕಾ, ನನ್ ಮಕ್ಳು ಜಡೆ ಬಿಚ್ಕೊಂಡು ಕಾಯ್ತಾ ಇದ್ದಾರೆ. ಈ ಯಜಮಾನರಿಗೆ ಇನ್ನೂ ಎಷ್ಟು ಹೊತ್ತು?”

“ಇವರಿಗೆ ಜಡೆ ಇಲ್ಲ, ಬೇಗ ಆಗ್ತದೆ,” ಎನ್ನುತ್ತಾರೆ ಮಾರ್ಟಿನಾ. ಬಲಗೈಯಲ್ಲಿ ಡ್ರೈಯರ್, ಎಡಗೈ ಕುರ್ತಾದ ಜೇಬಿನಲ್ಲಿ.

ಗುರುದತ್ತರ ಅಂದಾಜು ತಪ್ಪುತ್ತದೆ. ಮುಖ್ಯ ಅತಿಥಿಗಳಿಗೆ ವಿಮಾನ ಹಿಡಿಯಬೇಕಿದೆ. ಎಲ್ಲರಿಗೂ ಶುಭಾಶಯ ಹೇಳಿ, ಹಾರ ಹಾಕಿಸಿಕೊಂಡು, ಸಭಿಕರೇ ಬೆರಗಾಗುವಷ್ಟು ಬೇಗ ಇಳಿದುಬಿಡುತ್ತಾರೆ. ನಿರೂಪಕಿ ಬ್ಯಾಂಡಿನ ಹೆಸರು ಕೂಗುತ್ತಾರೆ. ಕನ್ನಡಿಯ ಮೇಲರ್ಧ ತಿಳಿಯಾಗಿದೆ. ಕೆಳಗೆ ಬೆರಳಗಲದ ಮಬ್ಬು ಇನ್ನೂ ಇದೆ.

“ಯಲ್ಲಾ, ಮಾರ್ಟಿನಾ,” ಎಂದು ಅವಸರಿಸುತ್ತಾರೆ ಅಲೆಕ್ಸಾಂಡರ್.

ಬೆರಳಗಲದ ಮಬ್ಬಿಗೆ ಆಂಪ್ ಕೆಡದೆಯೂ ಇರಬಹುದು. ಹಚ್ಚಿ ನೋಡಿಬಿಡಿ ಎಂದು ಗುರುದತ್ತರ ಕಣ್ಣು ಹೇಳುತ್ತಿದೆ. ಮಾರ್ಟಿನಾ ಡ್ರೈಯರ್ ಕೆಳಗಿಡುತ್ತಾರೆ. ಮೆಟ್ಟಿಲ ಮೇಲಿದ್ದ ಡಿಜಿಟಲ್ ಪೆಟ್ಟಿಗೆಯನ್ನು ಎತ್ತಿ, ವೇದಿಕೆಗೆ ಒಯ್ದು, ಗುರುದತ್ತರ ಕೇಬಲನ್ನು ತಮ್ಮ ಕೈಯಾರೆ ಅದಕ್ಕೆ ಸಿಕ್ಕಿಸುತ್ತಾರೆ. ಆಂಪನ್ನು ಅದರ ಪಕ್ಕದಲ್ಲೇ ಇಡುತ್ತಾರೆ. ಸ್ವಿಚ್ ಹಾಕುವುದಿಲ್ಲ. “ಭಾವಗೀತೆ ಇದರಲ್ಲಿ ನುಡಿಸಿ. ಕ್ಲೀನ್ ಅಲ್ವಾ, ಚಂದ ಬರ್ತದೆ. ನಾನು ಹಿಂದೆ ಇದ್ದೇನೆ.”

ಭಾವಗೀತೆ ಚಂದವೇ ಬರುತ್ತದೆ. ಚಪ್ಪಾಳೆ ಬೀಳುತ್ತದೆ. ಎರಡನೆಯ ಹಾಡೂ ಅದರಲ್ಲೇ ಮುಗಿಯುತ್ತದೆ. ಅಲೆಕ್ಸಾಂಡರ್ ವೇದಿಕೆಯ ಬದಿಯಲ್ಲಿ ಕೈಕಟ್ಟಿ ನಿಂತಿದ್ದಾರೆ. ಅವರ ಪೆಟ್ಟಿಗೆ ಕೆಲಸ ಮಾಡುತ್ತಿದೆ. ಮಾರ್ಟಿನಾ ಆಂಪಿನ ಹಿಂದೆ ಮಂಡಿಯೂರಿ ಡ್ರೈಯರನ್ನು ಮೆಲ್ಲನೆಯ ವೇಗದಲ್ಲಿ ಹಿಡಿದಿದ್ದಾರೆ. ಎರಡನೇ ಹಾಡಿನ ನಡುವೆ ಕನ್ನಡಿಯಲ್ಲಿ ಅವರಿಗೆ ಅವರ ಗಲ್ಲ ಕಾಣುತ್ತದೆ. ಕನ್ನಡಿ ಬಿಚ್ಚಿ, ಬೆರಳಲ್ಲಿ ಟ್ರಾನ್ಸ್‌ಫಾರ್ಮರನ್ನು ಮುಟ್ಟಿ, ಮೊದಲ ಸ್ವಿಚ್ ಹಾಕುತ್ತಾರೆ. ಟ್ಯೂಬುಗಳ ಒಳಗೆ ಕೆಂಡದ ಬಣ್ಣ ಮೂಡುತ್ತದೆ. ಅವು ಕಾಯುವವರೆಗೆ ದನಿ ಹೊರಡಿಸುವ ಎರಡನೇ ಸ್ವಿಚ್ ಹಾಕುವಂತಿಲ್ಲ, ಕಾಯುತ್ತಾರೆ. ಹಾಡು ಮುಗಿದು ಚಪ್ಪಾಳೆ ಏಳುವಾಗ ಅದನ್ನೂ ಹಾಕಿ, ಪೆನ್ಸಿಲಿನಿಂದ ಒಮ್ಮೆ ತಟ್ಟಿ, ಮೈಕನ್ನು ಆಂಪಿನ ಮುಂದಕ್ಕೆ ಸರಿಸಿ, ಕೇಬಲ್ ಬದಲಿಸುತ್ತಾರೆ.

ಮೂರನೆಯದು ಕೊನೆಯ ಹಾಡು. ಗುರುದತ್ತ ಗುಂಡಿ ಪೂರ್ತಿ ಏರಿಸುತ್ತಾರೆ. ಆಂಪ್ ಕೆರಳುತ್ತದೆ. ಹಾಡಿನ ನಡುವೆ ಗಾಯಕಿಯ ದನಿ ಒಂದೇ ಉಳಿಯುವ ಕಡೆ ಅವರು ಗುಂಡಿ ಮುಟ್ಟದೆ ಬೆರಳನ್ನು ಮಾತ್ರ ಮೆಲ್ಲಗೆ ಮಾಡುತ್ತಾರೆ. ಬಿರಿತವೆಲ್ಲ ಹಿಂದೆ ಸರಿದು ತಂತಿಯ ನಾದ ಮಾತ್ರ ನಿಲ್ಲುತ್ತದೆ. ಗುರುದತ್ತ ಸಭಿಕರಿಗೆ ಬೆನ್ನು ಹಾಕಿ ಆಂಪಿನ ಕಡೆ ತಿರುಗಿ ನೋಡುತ್ತಾರೆ. ಮತ್ತೆ ತಿರುಗಿ, ಮತ್ತೆ ಜೋರಾಗಿ ಹೊಡೆಯುತ್ತಾರೆ. ಹಾಡು ಮುಗಿಯುವವರೆಗೆ ಏನೂ ನಿಲ್ಲುವುದಿಲ್ಲ.

ಕೆಳಗಿಳಿದ ಮೇಲೆ ದ್ವಾರಕನಾಥ ಮಾರ್ಟಿನಾ ಅವರಿಗೆ ಮೈಸೂರು ಪಾಕಿನ ಇಡೀ ಡಬ್ಬವೊಂದನ್ನು ಕೊಡುತ್ತಾರೆ. ಅದು ಇನ್ನೂ ತಣ್ಣಗಿದೆ. “ಒಂದ್ ಕೇಳ್ಲಾ? ಮೊದಲ್ನೇ ಪೆಟ್ಟಿಗೇನೂ ಚೆನ್ನಾಗೇ ಇತ್ತು. ಮಧ್ಯದಲ್ಲಿ ಬದಲಾಯಿಸಿದ್ದು ಯಾಕೆ?”

ಮೈದಾನದಲ್ಲಿದ್ದ ಹೆಚ್ಚಿನವರ ಪ್ರಶ್ನೆಯೂ ಬಹುಶಃ ಇದೇ. ಪೆಟ್ಟಿಗೆ ಬದಲಾದದ್ದನ್ನೇ ಹಲವರು ಗಮನಿಸಿಲ್ಲ. ಮಾರ್ಟಿನಾ ಅವರಿಗೆ ಇದರಿಂದ ಬೇಸರವಿಲ್ಲ. “ಜನರಿಗೆ ಗೊತ್ತಾಗ್ಬೇಕು ಅಂತ ಇಲ್ಲ. ಅಪ್ಪನ ಮೈಕ್ ಚಂದ ಉಂಟು ಅಂತ ಯಾರೂ ಹೇಳಿದ್ದಿಲ್ಲ. ಭಾಷಣ ಚಂದ ಇತ್ತು ಅಂತ ಹೇಳ್ತಿದ್ರು. ಇವತ್ತು ಗುರುದತ್ತ ತಿರುಗಿ ನೋಡಿದ್ರಲ್ಲ, ನಂಗೆ ಅಷ್ಟು ಸಾಕು.”

ಅವರಿಗೊಂದು ಆಸೆ ಇದೆ. ಆಂಪಿನ ಪೆಟ್ಟಿಗೆಯ ಮೇಲೆ ‘ಏಸಿಯಲ್ಲಿ ಇಡಬೇಡಿ’ ಎಂದು ಬರೆಸಬೇಕು. ಅರಬ್ಬಿ, ಇಂಗ್ಲಿಷ್, ಹಿಂದಿಯ ಜೊತೆಗೆ ಕನ್ನಡದಲ್ಲೂ. “ಕನ್ನಡದ್ದು ಎಲ್ಲಕ್ಕಿಂತ ದೊಡ್ಡದಾಗಿ,” ಎಂದು ಸೇರಿಸುತ್ತಾರೆ.

ಹಿಂದಿರುಗುವ ವ್ಯಾನಿನಲ್ಲಿ ಅಲೆಕ್ಸಾಂಡರ್ ಕಪಾಟಿನ ವಿಷಯ ಎತ್ತುವುದಿಲ್ಲ.

ಮರುದಿನ ಭಾನುವಾರ, ಹೇಳಿದಂತೆಯೇ ಗುರುದತ್ತ ಆ ಇಪ್ಪತ್ತೆರಡು ವಾಟ್‌ನ ಆಂಪನ್ನು ಕೊಳ್ಳಲು ಅಬುಧಾಬಿಯಿಂದ ಗೋದಾಮಿಗೆ ಬಂದರು. ಅಲೆಕ್ಸಾಂಡರ್ ಅವರನ್ನು ಕೂರಿಸಿ ಚಹಾ ತರಿಸಿದರು. ಆ ಕಪಾಟಿನ ಯಾವ ಆಂಪೂ ಮಾರಾಟಕ್ಕಿಲ್ಲ ಎಂದರು.